ಹೂವು, ಮೋಡ ಬಿಟ್ಟು ಇವರು ಬರೆದದ್ದೇನು?

ಹೋದ ಸಂಚಿಕೆಯಲ್ಲಿ 'ಫ್ರಾಂಕನ್‌ಸ್ಟೈನ್' ಬರೆದ ಮೇರಿ ಶೆಲ್ಲಿಯ ಬಗ್ಗೆ ಹೇಳುವಾಗ, ಆಕೆಯ ತಂದೆ ತಾಯಿ ಇಬ್ಬರೂ ಇಂಗ್ಲೆಂಡಿನ ಸರ್ಕಾರಕ್ಕೆ ತಲೆನೋವಾಗಿದ್ದ ಲೇಖಕರು ಎಂದು ಒಂದು ಮಾತು ಸೇರಿಸಿದ್ದೆ. ಆ ಒಂದು ಮಾತು ಹಿಡಿದುಕೊಂಡೇ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯಿಂದ ಪತ್ರಗಳು ಬಂದಿವೆ. ಹಾಗಾಗಿ ಈ ಸಲದ ಪೂರ್ತಿ ಅಂಕಣ, ಸುಮಾರು ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ರೊಮ್ಯಾಂಟಿಕ್ ಕವಿಗಳು ಮತ್ತು ಅವರ ಕಾಲದ ಲೇಖಕರ ಬಗೆಗಿನ ಆ ಪ್ರಶ್ನೆಗಳಿಗೇ.

ಪ್ರಶ್ನೆ: ಸರ್, ನಮಗೆ ರೊಮ್ಯಾಂಟಿಕ್ ಕವಿಗಳು ಅಂದರೆ ಹೂವು, ಹಕ್ಕಿ, ಮೋಡ, ಕೆರೆ. ಪರೀಕ್ಷೆಯಲ್ಲೂ ಅಷ್ಟೇ ಬರೆಯುತ್ತೇವೆ. ನೀವು ನೋಡಿದರೆ ಸರ್ಕಾರ ಇವರಿಗೆ ಹೆದರಿತ್ತು ಅಂತೀರಿ. ಕವಿತೆಗೆ ಯಾರು ಹೆದರುತ್ತಾರೆ ಸರ್?
(ಬಿ.ಎ. ವಿದ್ಯಾರ್ಥಿನಿ, ಜಮಖಂಡಿ)

ಉತ್ತರ: ಸರ್ಕಾರ ಕವಿತೆಗಿಂತ ಜಾಸ್ತಿ ಹೆದರಿದ್ದು ಪುಸ್ತಕದ ಬೆಲೆಗೆ, ತಂಗಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

1789ರ ಜುಲೈನಲ್ಲಿ ಪ್ಯಾರಿಸ್ ಜನ ಬಾಸ್ಟೀಲ್ ಕೋಟೆಗೆ ನುಗ್ಗಿದರು. ಅದೇ ವರ್ಷ ನವೆಂಬರ್ 4ರಂದು ಲಂಡನ್ನಿನಲ್ಲಿ ರಿಚರ್ಡ್ ಪ್ರೈಸ್ ಎಂಬ ಪಾದ್ರಿ ಒಂದು ಪ್ರವಚನ ಕೊಟ್ಟ. ನಮ್ಮನ್ನು ಆಳುವವರನ್ನು ನಾವೇ ಆರಿಸಬೇಕು, ಕೆಟ್ಟದಾಗಿ ಆಳಿದರೆ ಕೆಳಗಿಳಿಸಲೂ ಬೇಕು ಅನ್ನೋದು ಅವನ ಮಾತಿನ ಸಾರ. ಇದನ್ನು ಓದಿ ಕೆಂಡವಾದ ಪಾರ್ಲಿಮೆಂಟ್ ಸದಸ್ಯ ಎಡ್ಮಂಡ್ ಬರ್ಕ್ 1790ರಲ್ಲಿ ಫ್ರಾನ್ಸಿನ ಕ್ರಾಂತಿಯ ವಿರುದ್ಧ ದೊಡ್ಡ ಪುಸ್ತಕವನ್ನೇ ಬರೆದ. ಬರ್ಕ್‌ಗೆ ಉತ್ತರ ಕೊಡುವ ಗದ್ದಲದಲ್ಲೇ ಈ ತಲೆಮಾರು ಹುಟ್ಟಿಕೊಂಡಿತು ಅನ್ನಬಹುದು. ಮೇರಿ ವುಲ್‌ಸ್ಟನ್‌ಕ್ರಾಫ್ಟ್, ಅಂದರೆ ಮೇರಿ ಶೆಲ್ಲಿಯ ತಾಯಿ, ಒಂದು ತಿಂಗಳೂ ಕಳೆಯುವುದರೊಳಗೆ ತನ್ನ ಉತ್ತರ ಅಚ್ಚು ಹಾಕಿಸಿದಳು. 1791ರಲ್ಲಿ ಥಾಮಸ್ ಪೇನ್ ಬರೆದ 'ರೈಟ್ಸ್ ಆಫ್ ಮ್ಯಾನ್' ಬಂತು, ಮರುವರ್ಷ ಅದರ ಎರಡನೇ ಭಾಗ.

ಪೇನ್ ಕಾಲೇಜು ಕಲಿತವನಲ್ಲ. ಹೆಂಗಸರ ಬಿಗಿ ಒಳಂಗಿ ಹೊಲಿಯುವ ಕಸುಬಿನವನ ಮಗ. ತಾನೂ ಅದನ್ನೇ ಕಲಿತ, ಆಮೇಲೆ ಅಬಕಾರಿ ಇಲಾಖೆ ಸೇರಿ ಆ ಕೆಲಸವನ್ನೂ ಕಳೆದುಕೊಂಡ. ಅವನ ಇಂಗ್ಲಿಷು ಸಂತೆಯಲ್ಲಿ ನಿಂತು ಮಾತಾಡಿದ ಹಾಗಿದೆ. ಪುಸ್ತಕದ ಎರಡನೇ ಭಾಗದಲ್ಲಿ ಆತ ಬರೀ ರಾಜನನ್ನು ಬೈದು ಕೂರಲಿಲ್ಲ. ಮುದುಕರಿಗೆ ಪಿಂಚಣಿ ಕೊಡಿ, ಬಡವರ ಮಕ್ಕಳ ಓದಿಗೆ ದುಡ್ಡು ಕೊಡಿ, ದೊಡ್ಡ ಆಸ್ತಿಯವರಿಗೆ ಹೆಚ್ಚೆಚ್ಚು ತೆರಿಗೆ ಹಾಕಿ ಎಂದು ಲೆಕ್ಕ ಸಮೇತ ಬರೆದ. ಇದು 1792ರ ಮಾತು ಅನ್ನೋದು ನೆನಪಿರಲಿ.

ಮೊದಲ ಭಾಗದ ಬೆಲೆ ಮೂರು ಶಿಲಿಂಗ್ (ಆಗ ಹನ್ನೆರಡು ಪೆನ್ಸಿಗೆ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗಿಗೆ ಒಂದು ಪೌಂಡ್). ಸರ್ಕಾರ ಸುಮ್ಮನಿತ್ತು. ಆಮೇಲೆ ಆರು ಪೆನ್ಸಿನ ಅಗ್ಗದ ಪ್ರತಿಗಳು ಬಂದವು ನೋಡಿ, ಆಗ ಕೇಸು ಬಿತ್ತು. ಕೋರ್ಟಿನಲ್ಲಿ ಸರ್ಕಾರಿ ವಕೀಲನೇ ಇದನ್ನು ಬಾಯಿಬಿಟ್ಟು ಹೇಳಿದ. ತಿಳಿದವರಷ್ಟೇ ಓದುತ್ತಿದ್ದಾಗ ನಾನು ಸುಮ್ಮನಿದ್ದೆ, ಈಗ ಇದನ್ನು ಎಲ್ಲರ ಕೈಗೂ ತುರುಕುತ್ತಿದ್ದಾರೆ, ಮಕ್ಕಳ ಮಿಠಾಯಿಯನ್ನೂ ಇದರ ಹಾಳೆಯಲ್ಲೇ ಕಟ್ಟಿ ಕೊಡುತ್ತಿದ್ದಾರೆ ಎಂದು. ಪೇನ್ ಅಷ್ಟೊತ್ತಿಗೆ ಫ್ರಾನ್ಸಿಗೆ ಹೋಗಿಬಿಟ್ಟಿದ್ದ. 1792ರ ಡಿಸೆಂಬರಿನಲ್ಲಿ ಅವನಿಲ್ಲದೆಯೇ ವಿಚಾರಣೆ ನಡೆದು, ತಪ್ಪಿತಸ್ಥ ಎಂದು ತೀರ್ಪಾಯಿತು.

ಮುಂದಿನ ವರ್ಷವೇ ವಿಲಿಯಂ ಗಾಡ್ವಿನ್, ಅಂದರೆ ಮೇರಿ ಶೆಲ್ಲಿಯ ತಂದೆ, ಪೇನ್‌ಗಿಂತ ಎಷ್ಟೋ ಮುಂದೆ ಹೋಗಿ ಸರ್ಕಾರ ಅನ್ನೋದೇ ಬೇಡ ಎಂದು ಬರೆದ. ಆ ಪುಸ್ತಕದ ಬೆಲೆ ಒಂದು ಪೌಂಡ್ ಹದಿನಾರು ಶಿಲಿಂಗ್. ಕೇಸು ಬೀಳಲಿಲ್ಲ. ಮೂರು ಶಿಲಿಂಗಿಗೂ ಗತಿಯಿಲ್ಲದವರು ಇಷ್ಟು ದುಬಾರಿ ಪುಸ್ತಕ ಎಲ್ಲಿ ಕೊಂಡಾರು ಎಂದು ಪ್ರಧಾನಿ ಪಿಟ್ ಅಂದನಂತೆ. ಆಡಿದನೋ ಇಲ್ಲವೋ, ಆಳುವವರ ಲೆಕ್ಕಾಚಾರ ಮಾತ್ರ ಅದೇ ಆಗಿತ್ತು.

ನಿಮ್ಮ ಹೂವು, ಕೆರೆಯ ಕವಿಗಳ ಹಿಂದೆಯೂ ಗೂಢಚಾರ ಬಿದ್ದಿದ್ದ. 1797ರಲ್ಲಿ ವರ್ಡ್ಸ್‌ವರ್ತ್, ಅವನ ತಂಗಿ ಡೊರೊಥಿ, ಕೋಲ್‌ರಿಜ್ ಮೂವರೂ ಸಾಮರ್ಸೆಟ್‌ನ ಹಳ್ಳಿಗಾಡಿನಲ್ಲಿದ್ದರು. ಹೊತ್ತುಗೊತ್ತಿಲ್ಲದೆ ಹಳ್ಳದ ದಂಡೆಯಲ್ಲಿ ಓಡಾಡಿ ಏನೇನೋ ಬರೆದುಕೊಳ್ಳುತ್ತಿದ್ದರು. ಊರವರಿಗೆ ಇವರು ಫ್ರೆಂಚರ ಕಡೆಯವರು ಅನ್ನಿಸಿತು. ಸರ್ಕಾರ ಜೇಮ್ಸ್ ವಾಲ್ಶ್ ಎಂಬ ಪತ್ತೇದಾರನನ್ನೇ ಕಳಿಸಿತು. ಜಾನ್ ಥೆಲ್ವಾಲ್ ಎಂಬ ಹೆಸರಾಂತ ಭಾಷಣಕಾರ, ಮೂರು ವರ್ಷದ ಹಿಂದೆ ರಾಜದ್ರೋಹದ ಕೇಸಿನಿಂದ ಪಾರಾಗಿ ಬಂದವನು, ಇವರ ಮನೆಗೆ ಬಂದು ಹೋಗಿದ್ದೂ ಅನುಮಾನಕ್ಕೆ ಕಾರಣವಾಗಿತ್ತು. ಮುಂದಿನ ವರ್ಷ ಇದೇ ಗೆಳೆತನದಿಂದ 'ಲಿರಿಕಲ್ ಬ್ಯಾಲಡ್ಸ್' ಬಂತು. ಭಿಕ್ಷುಕರು, ಮಗುವನ್ನು ಕಳೆದುಕೊಂಡ ತಾಯಂದಿರು, ಸೌದೆ ಕದ್ದ ಮುದುಕಿ ಅದರಲ್ಲಿ ಯಾಕೆ ಅಷ್ಟೊಂದಿದ್ದಾರೆ ಅಂತ ಈ ಹಿನ್ನೆಲೆ ಇಟ್ಟುಕೊಂಡು ಇನ್ನೊಮ್ಮೆ ಓದಿ ನೋಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಮಗ್ಗ ಇದೆ. ಬೈರನ್ ಎಂಬ ಕವಿ ನೇಕಾರರ ಪರವಾಗಿ ಪಾರ್ಲಿಮೆಂಟಿನಲ್ಲಿ ಮಾತಾಡಿದ್ದ ಎಂದು ಮಗಳು ಹೇಳಿದಳು. ಅದು ನಿಜವೇ? ಮಷಿನ್ ಒಡೆದವರ ಪರ ಮಾತಾಡೋದು ಸರಿಯೇ?
(ನೇಕಾರರು, ರಬಕವಿ-ಬನಹಟ್ಟಿ)

ಉತ್ತರ: ನಿಜ ಅಣ್ಣಾವ್ರೆ. 1812ರ ಫೆಬ್ರುವರಿ 27, ಮೇಲ್ಮನೆಯಲ್ಲಿ ಬೈರನ್ ಆಡಿದ ಮೊಟ್ಟಮೊದಲ ಭಾಷಣ ಅದು. ವಯಸ್ಸು 24. ಅವನನ್ನು ರಾತ್ರೋರಾತ್ರಿ ಮನೆಮಾತು ಮಾಡಿದ ಕಾವ್ಯ ಇನ್ನೂ ಪೇಟೆಗೆ ಬಂದಿರಲಿಲ್ಲ.

ಅವರು ಸೀರೆ ನೇಯುವವರಲ್ಲ, ಕಾಲುಚೀಲ ಹೆಣೆಯುವವರು. ನಾಟಿಂಗ್‌ಹ್ಯಾಮ್ ಸುತ್ತಮುತ್ತ ಮನೆಮನೆಯಲ್ಲೂ ಹೆಣೆಯುವ ಯಂತ್ರ ಇರುತ್ತಿತ್ತು. ಬೈರನ್‌ನ ಮನೆತನದ ಬಂಗಲೆಯೂ ಅದೇ ಸೀಮೆಯಲ್ಲಿ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಆ ಯಂತ್ರದಲ್ಲೇ ಇದೆ. ಅದು ಹೊಸ ಯಂತ್ರ ಆಗಿರಲೇ ಇಲ್ಲ. 1589ರಲ್ಲಿ ವಿಲಿಯಂ ಲೀ ಎಂಬಾತ ಕಟ್ಟಿದ್ದು, ಇನ್ನೂರು ವರ್ಷದಿಂದ ಅವರ ಕೈಯಲ್ಲೇ ಪಳಗಿದ್ದು. ಯಂತ್ರ ಕಂಡರೆ ಹೆದರುವ ದಡ್ಡರು ಎಂದು ಅವರ ಬಗ್ಗೆ ಬರೆಯುತ್ತಾರಲ್ಲ, ಅದು ಅನ್ಯಾಯ.

ಅವರ ಸಿಟ್ಟು ಬೇರೆ. ಆ ಯಂತ್ರ ಬಹಳ ಮಟ್ಟಿಗೆ ಧಣಿಗಳದ್ದು, ಕೆಲಸಗಾರ ವಾರಕ್ಕಿಷ್ಟು ಎಂದು ಬಾಡಿಗೆ ಕಟ್ಟಬೇಕು. ಕೆಲಸ ಸಿಗದ ವಾರವೂ ಬಾಡಿಗೆ ತಪ್ಪುತ್ತಿರಲಿಲ್ಲ. ಕೂಲಿಯನ್ನು ಎಷ್ಟೋ ಸಲ ದುಡ್ಡಿನ ಬದಲು ಸಾಮಾನಿನ ರೂಪದಲ್ಲಿ ಕೊಡುತ್ತಿದ್ದರು. ಇದಕ್ಕಿಂತ ಉರಿ ಹತ್ತಿಸಿದ್ದು ಕಳಪೆ ಮಾಲು. ಕಾಲುಚೀಲವನ್ನು ಅದರ ಆಕಾರಕ್ಕೇ ಹೆಣೆದು ತೆಗೆಯೋದು ಕಸುಬು. ಕೆಲವು ಧಣಿಗಳು ಅಗಲ ಯಂತ್ರದಲ್ಲಿ ಚಪ್ಪಟೆ ಬಟ್ಟೆ ಹೆಣೆಸಿ, ಕತ್ತರಿಯಲ್ಲಿ ಕತ್ತರಿಸಿ, ಅಂಚು ಹೊಲಿದು ಕಾಲುಚೀಲ ಎಂದು ಮಾರತೊಡಗಿದರು. ನಾಲ್ಕು ದಿನಕ್ಕೆ ಹೊಲಿಗೆ ಬಿಚ್ಚುತ್ತಿತ್ತು. ಹೆಸರು ಕೆಡುತ್ತಿದ್ದದ್ದು ಇಡೀ ಊರಿನ ಕಸುಬಿನದು. ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸನ್ನು (ಉದ್ದದ ಎಳೆಗಳನ್ನು) ಸೆರಗಿನ ಹಾಸಿನ ಜೊತೆ ಕೂಡಿಸಿ ಎಳೆ ಎಳೆಗೂ ಕೊಂಡಿ ಹಾಕುವ ಹೆಣ್ಣುಮಗಳ ಮುಂದೆ, ಪಾವರ್‌ಲೂಮಿನ ನಕಲಿ ಸೀರೆಯನ್ನು ಕೈಮಗ್ಗದ ಇಳಕಲ್ ಎಂದು ಮಾರಿದರೆ ಆಕೆಗೆ ಏನನ್ನಿಸುತ್ತದೆ? ನಾಟಿಂಗ್‌ಹ್ಯಾಮಿನವರಿಗೂ ಅದೇ ಅನ್ನಿಸಿತು.

1811ರ ಮಾರ್ಚಿನಲ್ಲಿ ಆರ್ನಾಲ್ಡ್ ಎಂಬ ಹಳ್ಳಿಯಿಂದ ಶುರುವಾಯಿತು. ರಾತ್ರಿ ಹೊತ್ತು ಗುಂಪಾಗಿ ಬಂದು ಸುತ್ತಿಗೆಯಲ್ಲಿ ಯಂತ್ರ ಒಡೆಯುತ್ತಿದ್ದರು. ಸಿಕ್ಕಸಿಕ್ಕಿದ್ದನ್ನೆಲ್ಲ ಒಡೆದರು ಅಂತಲ್ಲ, ಕೂಲಿ ಕಡಿತ ಮಾಡಿದವರ ಯಂತ್ರ ಪುಡಿಯಾಗುತ್ತಿತ್ತು, ಪಕ್ಕದ ನ್ಯಾಯವಂತ ಧಣಿಯದು ಹಾಗೇ ಉಳಿಯುತ್ತಿತ್ತು. ಎಲ್ಲಕ್ಕೂ 'ಜನರಲ್ ಲಡ್' ಎಂಬ ಕಲ್ಪಿತ ನಾಯಕನ ಹೆಸರು. ಸರ್ಕಾರ ಸೈನ್ಯ ಕಳಿಸಿತು. ಅದು ಸಾಲದೆಂದು, ಯಂತ್ರ ಒಡೆದವರಿಗೆ ಗಲ್ಲು ಎಂದು ಮಸೂದೆ ತಂದಿತು.

ಬೈರನ್ ಎದ್ದು ನಿಂತದ್ದು ಆ ಮಸೂದೆಯ ವಿರುದ್ಧ. ತುರ್ಕಿಯ ಅತ್ಯಂತ ನೊಂದ ಪ್ರಾಂತ್ಯಗಳನ್ನೂ ಸುತ್ತಿದ್ದೇನೆ, ಆದರೆ ಈ ಕ್ರೈಸ್ತ ದೇಶದ ನಡುಮನೆಯಲ್ಲಿ ಕಂಡಂಥ ದಾರಿದ್ರ್ಯ ಅಲ್ಲೂ ಕಾಣಲಿಲ್ಲ ಎಂದ. ಹಸಿದವನನ್ನು ತಂದು ಕಟಕಟೆಯಲ್ಲಿ ನಿಲ್ಲಿಸಿದರೆ, ಈ ಕಾನೂನಿನ ಪ್ರಕಾರ ಶಿಕ್ಷೆ ಕೊಡೋಕೆ ಹನ್ನೆರಡು ಮಂದಿ ಕಟುಕರ ಜ್ಯೂರಿಯೇ ಬೇಕಾಗುತ್ತದೆ ಎಂದೂ ಹೇಳಿದ. ಮಸೂದೆ ಪಾಸಾಯಿತು. 1813ರ ಜನವರಿಯಲ್ಲಿ ಯಾರ್ಕ್ ಪಟ್ಟಣದಲ್ಲಿ 17 ಜನರನ್ನು ನೇಣಿಗೆ ಹಾಕಿದರು. ಬೈರನ್ ಮೇಲ್ಮನೆಯಲ್ಲಿ ಮಾತಾಡಿದ್ದು ಒಟ್ಟು ಮೂರೇ ಸಲ, ಆಮೇಲೆ ದೇಶವನ್ನೇ ಬಿಟ್ಟು ಹೋದ. ಇನ್ನೂ ನಿಂತು ಹೋರಾಡಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ಆದರೂ ಅಷ್ಟೂ ಲಾರ್ಡುಗಳ ನಡುವೆ, ಹೆಣೆಯುವವನ ಮನೆಯ ಒಲೆ ಯಾಕೆ ಆರಿದೆ ಎಂದು ಕೇಳಿದ್ದು ದೊಡ್ಡ ಮಾತು. ನಿಮ್ಮ ಮಗಳಿಗೆ ಆ ಭಾಷಣ ಪೂರ್ತಿ ಓದೋಕೆ ಹೇಳಿ.

ಪ್ರಶ್ನೆ: ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಬಗ್ಗೆ ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗ ಎದ್ದು, ಮೇಡಂ, ಆಕೆಯ ಸ್ವಂತ ಜೀವನವೇ ಸರಿ ಇರಲಿಲ್ಲವಂತೆ, ಮದುವೆಗೆ ಮೊದಲೇ ಮಗು ಇತ್ತಂತೆ, ಅಂಥವರಿಂದ ಏನು ಕಲಿಯೋದು ಅಂದ. ಏನು ಹೇಳಬೇಕಿತ್ತು?
(ಉಪನ್ಯಾಸಕಿ, ವಿಜಯಪುರ)

ಉತ್ತರ: ಮೇಡಂ, ಅವನಿಗೆ ಆಕೆಯ ಜೀವನವನ್ನು ಮುಚ್ಚಿಡದೆ ಪೂರ್ತಿ ಹೇಳಿಬಿಡಿ. ಅರ್ಧ ಹೇಳಿದರೇ ತೊಂದರೆ.

1784ರಲ್ಲಿ, 'ವಿಂಡಿಕೇಷನ್ ಆಫ್ ದ ರೈಟ್ಸ್ ಆಫ್ ವುಮನ್' ಬರೆಯುವುದಕ್ಕೆ ಎಂಟು ವರ್ಷ ಮೊದಲು, ಆಕೆ ತನ್ನ ತಂಗಿ ಎಲೈಜಾಳನ್ನು ಗಂಡನ ಮನೆಯಿಂದ ಬಿಡಿಸಿಕೊಂಡು ಬಂದಳು. ತಂಗಿ ಬಾಣಂತಿ, ಮನಸ್ಸು ಕದಡಿ ಹೋಗಿತ್ತು. ಇಬ್ಬರೂ ಗುಟ್ಟಾಗಿ ಹೊರಟು ಕುದುರೆ ಗಾಡಿ ಹತ್ತಿದರು. ಗಾಡಿಯಲ್ಲಿ ಎಲೈಜಾ ತನ್ನ ಮದುವೆಯ ಉಂಗುರವನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಚೂರು ಮಾಡಿದಳು ಎಂದು ಮೇರಿಯೇ ಬರೆದಿದ್ದಾಳೆ. ಕೂಸನ್ನು ಬಿಟ್ಟು ಬರಬೇಕಾಯಿತು, ಯಾಕೆಂದರೆ ಆಗಿನ ಕಾನೂನಿನಲ್ಲಿ ಮಗು ತಂದೆಯದು. ಆ ಕೂಸು ಬದುಕಲಿಲ್ಲ. ಹೆಂಡತಿಗೆ ಸ್ವಂತ ಆಸ್ತಿ ಇಲ್ಲ, ದುಡಿದ ದುಡ್ಡೂ ಗಂಡನದೇ. ಹೆಣ್ಣಿನ ಹಕ್ಕು ಎಂದು ಆಕೆ ಬರೆದಾಗ ಕಣ್ಣ ಮುಂದೆ ಇದ್ದದ್ದು ಆ ಗಾಡಿ, ಆ ಉಂಗುರ.

ಆ ಪುಸ್ತಕ ಬಂದದ್ದು 1792ರಲ್ಲಿ. ಹುಡುಗಿಯರಿಗೆ ಮನೆಗೆಲಸದ ಪಾಠ ಸಾಕು ಎಂಬ ಧಾಟಿಯ ಶಿಕ್ಷಣ ಯೋಜನೆಯೊಂದು ಫ್ರಾನ್ಸಿನಲ್ಲಿ ತಯಾರಾಗಿತ್ತು. ಈಕೆ ತನ್ನ ಪುಸ್ತಕವನ್ನು ಆ ಯೋಜನೆ ಬರೆದ ಟ್ಯಾಲಿರಾನ್‌ಗೇ ಅರ್ಪಿಸಿ, ನೀವು ಇನ್ನೊಮ್ಮೆ ಯೋಚನೆ ಮಾಡಿ ಎಂದಳು. ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಉಚಿತ ಶಾಲೆ ಇರಲಿ, ಗಂಡು ಹೆಣ್ಣು, ಬಡವ ಬಲ್ಲಿದ ಎಲ್ಲ ಒಟ್ಟಿಗೆ ಕೂರಲಿ, ಎಲ್ಲರಿಗೂ ಒಂದೇ ಥರದ ಬಟ್ಟೆ ಇರಲಿ ಎಂದು ಆಕೆ ಬರೆದದ್ದನ್ನು ಓದಿದಾಗ, ಬೆಳಿಗ್ಗೆ ಬಸ್ ಸ್ಟಾಂಡಿನಲ್ಲಿ ಸಮವಸ್ತ್ರ ತೊಟ್ಟು ನಿಂತ ನಮ್ಮ ಹಳ್ಳಿ ಹುಡುಗಿಯರು ನೆನಪಾಗುತ್ತಾರೆ.

ಇನ್ನು ಆಕೆಯ ಖಾಸಗಿ ಬದುಕು. 1792ರ ಕೊನೆಗೆ ಕ್ರಾಂತಿ ನೋಡಲೆಂದು ಒಬ್ಬಳೇ ಪ್ಯಾರಿಸ್‌ಗೆ ಹೋದಳು. ಅಲ್ಲಿ ಗಿಲ್ಬರ್ಟ್ ಇಮ್ಲೇ ಎಂಬ ಅಮೆರಿಕನ್ನನನ್ನು ಪ್ರೀತಿಸಿದಳು, 1794ರಲ್ಲಿ ಮಗಳು ಹುಟ್ಟಿದಳು, ಆತ ಕೈಬಿಟ್ಟ. ಲಂಡನ್ನಿಗೆ ಬಂದು ಪಟ್ನಿ ಸೇತುವೆಯಿಂದ ಥೇಮ್ಸ್ ನದಿಗೆ ಹಾರಿದಳು. ಜನ ಎತ್ತಿ ಉಳಿಸಿದರು. ಆಮೇಲೆ ಗಾಡ್ವಿನ್ ಜೊತೆ ಸ್ನೇಹ ಬೆಳೆಯಿತು. ಇಬ್ಬರೂ ಮೊದಲು ಭೇಟಿಯಾಗಿದ್ದು 1791ರಲ್ಲಿ, ಜೋಸೆಫ್ ಜಾನ್ಸನ್ ಎಂಬ ಪ್ರಕಾಶಕನ ಮನೆಯ ಊಟದಲ್ಲಿ. ಅಲ್ಲಿ ಬೇಯಿಸಿದ ಮೀನು, ಕೊನೆಗೆ ಅಕ್ಕಿಯ ಪುಡಿಂಗು, ಇಷ್ಟೇ ಸಾದಾ ಊಟ. ಮಾತಿಗೆ ಮಾತ್ರ ಬರ ಇರಲಿಲ್ಲ. ಗಾಡ್ವಿನ್ ಆ ದಿನ ಪೇನ್ ಮಾತು ಕೇಳೋಣ ಎಂದು ಹೋಗಿದ್ದ, ಪೇನ್ ಹೆಚ್ಚು ಮಾತಾಡಲಿಲ್ಲ, ಉದ್ದಕ್ಕೂ ಈಕೆಯ ಮಾತೇ ಕೇಳಬೇಕಾಯಿತು ಎಂದು ಬೇಸರಪಟ್ಟುಕೊಂಡ. ಆರು ವರ್ಷದ ಮೇಲೆ ಅವರಿಬ್ಬರೂ ಮದುವೆಯಾದರು. 1797ರ ಆಗಸ್ಟ್ 30ರಂದು ಮಗಳು ಹುಟ್ಟಿದಳು, ಮುಂದೆ 'ಫ್ರಾಂಕನ್‌ಸ್ಟೈನ್' ಬರೆದ ಮೇರಿ ಅವಳೇ. ಹೆರಿಗೆಯ ಕಸ (ಮಾಸು) ಪೂರ್ತಿ ಬೀಳಲಿಲ್ಲ, ಡಾಕ್ಟರ್ ಕೈಹಾಕಿ ತೆಗೆದ, ನಂಜೇರಿತು. ಸೆಪ್ಟೆಂಬರ್ 10ಕ್ಕೆ ಆಕೆ ತೀರಿಕೊಂಡಳು. ವಯಸ್ಸು 38.

ದುಃಖದಲ್ಲಿದ್ದ ಗಾಡ್ವಿನ್ ಮರುವರ್ಷ ಆಕೆಯ ಜೀವನಚರಿತ್ರೆ ಬರೆದ, ಒಂದನ್ನೂ ಬಿಡದೆ ಬರೆದ. ವೈರಿಗಳು ಅದನ್ನೇ ಎತ್ತಿಕೊಂಡರು. ಒಂದು ಸರ್ಕಾರಿ ಪರ ಪತ್ರಿಕೆ ತನ್ನ ವಿಷಯಸೂಚಿಯಲ್ಲಿ 'ವೇಶ್ಯಾವೃತ್ತಿ' ಎಂಬ ಕಡೆ ಆಕೆಯ ಹೆಸರು ನೋಡಿ ಎಂದು ಅಚ್ಚು ಹಾಕಿತು. ನಿಮ್ಮ ವಿದ್ಯಾರ್ಥಿ ಹೇಳಿದ ಮಾತು 1798ರಿಂದ ಹೀಗೇ ಬಾಯಿಂದ ಬಾಯಿಗೆ ಬಂದದ್ದು ಮೇಡಂ. ಆಕೆಯ ವಾದಕ್ಕೆ ಉತ್ತರ ಸಿಗದವರು ಆಕೆಯ ಬದುಕನ್ನು ಮುಂದೆ ಹಿಡಿದರು, ಮುಂದೆ ಎಷ್ಟೋ ದಶಕ ಆಕೆಯ ಪುಸ್ತಕವನ್ನು ಮೆಚ್ಚಿದವರೂ ಹೆಸರು ಹೇಳಲು ಅಂಜಿದರು. ಇದನ್ನು ಅವನಿಗೆ ಸಮಾಧಾನದಿಂದ ಹೇಳಿ. ಕೇಳಿಸಿಕೊಳ್ಳುವ ಹುಡುಗನೇ ಇರಬೇಕು, ಇಲ್ಲದಿದ್ದರೆ ಎದ್ದು ಕೇಳುತ್ತಲೇ ಇರಲಿಲ್ಲ.

ಪ್ರಶ್ನೆ: ನಾನು ಕಬ್ಬು ಬೆಳೆಗಾರ. ಇಂಗ್ಲೆಂಡಿನಲ್ಲಿ ಜನ ಸಕ್ಕರೆಯನ್ನೇ ಬಿಟ್ಟಿದ್ದರಂತೆ, ಯಾಕೆ?
(ಮುಧೋಳ)

ಉತ್ತರ: ಗುಲಾಮರು ಬೆಳೆದ ಕಬ್ಬಿನ ಸಕ್ಕರೆ ಎಂಬ ಕಾರಣಕ್ಕೆ, ಕಾಕಾ. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದವರ ಕೈಯಲ್ಲಿ ಕಬ್ಬು ಬೆಳೆಸುತ್ತಿದ್ದರು. 1791ರ ಏಪ್ರಿಲ್‌ನಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸುವ ಪ್ರಸ್ತಾಪ ಪಾರ್ಲಿಮೆಂಟಿನಲ್ಲಿ ಬಿದ್ದುಹೋಯಿತು. ಅದೇ ವರ್ಷ ವಿಲಿಯಂ ಫಾಕ್ಸ್ ಎಂಬಾತ ಒಂದು ಪುಟ್ಟ ಪುಸ್ತಿಕೆ ಬರೆದ. ಮಾರ್ಥಾ ಗರ್ನಿ ಎಂಬ ಹೆಣ್ಣುಮಗಳು ಅದನ್ನು ಮಾರಿದಳು. ವಾರಕ್ಕೆ ಐದು ಪೌಂಡ್, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಕಿಲೋ ಮೇಲೆ, ಸಕ್ಕರೆ ಬಳಸುವ ಒಂದು ಮನೆ 21 ತಿಂಗಳು ಸಕ್ಕರೆ, ರಮ್ ಬಿಟ್ಟರೆ ಒಬ್ಬ ಮನುಷ್ಯ ಗುಲಾಮನಾಗುವುದೋ ಸಾಯುವುದೋ ತಪ್ಪುತ್ತದೆ ಎಂದು ಆತ ಲೆಕ್ಕ ಹಾಕಿ ತೋರಿಸಿದ. ಲಕ್ಷಗಟ್ಟಲೆ ಜನ ಸಕ್ಕರೆ ಬಿಟ್ಟರು. ಮನೆಗೆ ಏನು ತರಬೇಕು ಎಂದು ತೀರ್ಮಾನಿಸುವವರು ಹೆಂಗಸರು, ಮತದ ಹಕ್ಕೇ ಇಲ್ಲದ ಅವರ ಕೈಗೆ ಇದೊಂದು ಅಸ್ತ್ರ ಸಿಕ್ಕಿತು. 1795ರಲ್ಲಿ ಬ್ರಿಸ್ಟಲ್‌ನಲ್ಲಿ, ಗುಲಾಮರ ವ್ಯಾಪಾರದಿಂದಲೇ ಬೆಳೆದ ಆ ಬಂದರಿನಲ್ಲೇ ನಿಂತು, ಯುವಕ ಕೋಲ್‌ರಿಜ್ ಇದೇ ವಿಷಯದ ಮೇಲೆ ಭಾಷಣ ಮಾಡಿದ.

1824ರಲ್ಲಿ ಲೆಸ್ಟರ್ ಪಟ್ಟಣದ ಎಲಿಜಬೆತ್ ಹೇರಿಕ್, ಗುಲಾಮಗಿರಿಯನ್ನು ಹಂತ ಹಂತವಾಗಿ ಅಲ್ಲ, ಈಗಲೇ ನಿಲ್ಲಿಸಿ ಎಂದು ಪುಸ್ತಿಕೆ ಬರೆದು ಈ ಬಹಿಷ್ಕಾರಕ್ಕೆ ಮತ್ತೆ ಜೀವ ತಂದಳು. ಮನೆಮನೆಗೆ ಹೋಗಿ ಸಕ್ಕರೆ ಕೊಳ್ಳಬೇಡಿ ಎಂದಳು. ಆ ಕಾಲದಲ್ಲಿ 'ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ' ಎಂದು ಬರೆದ ಸಕ್ಕರೆ ಬಟ್ಟಲುಗಳೂ ಬಂದವು. ಆ ಈಸ್ಟ್ ಇಂಡಿಯಾ ಸಕ್ಕರೆ ನಮ್ಮ ದೇಶದ್ದು. ಇಲ್ಲಿ ಗದ್ದೆಯಲ್ಲಿ ಬಾಗಿದವನಿಗೆ ಎಷ್ಟು ಸಿಗುತ್ತಿತ್ತು ಎಂದು ಬಟ್ಟಲಿನ ಮೇಲೆ ಯಾರೂ ಬರೆಯಲಿಲ್ಲ. 1833ರ ಕಾನೂನು ಗುಲಾಮಗಿರಿ ತೆಗೆಯಿತು, ಎರಡು ಕೋಟಿ ಪೌಂಡ್ ಪರಿಹಾರ ಹೋಗಿದ್ದು ಗುಲಾಮರನ್ನು ಇಟ್ಟುಕೊಂಡಿದ್ದ ಮಾಲೀಕರಿಗೆ. ಹೇರಿಕ್ ಅದನ್ನು ನೋಡಲು ಇರಲಿಲ್ಲ. ನಿಮ್ಮ ಹೊಲಕ್ಕೆ ಈ ಸಲ ಕಬ್ಬು ಕಡಿಯುವ ಗ್ಯಾಂಗ್ ಬಂದಾಗ ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರಾ ಎಂದು ಒಂದು ಮಾತು ಕೇಳಿ ಕಾಕಾ. ಹೇರಿಕ್ ಇದ್ದಿದ್ದರೆ ಅದನ್ನೇ ಕೇಳುತ್ತಿದ್ದಳು.

ಪ್ರಶ್ನೆ: ಪುಸ್ತಕ ಬರೆದವನ ಮೇಲೆ ಕೇಸು ಹಾಕೋದು ಗೊತ್ತು. ಮಾರಿದವರನ್ನೂ ಜೈಲಿಗೆ ಹಾಕುತ್ತಿದ್ದರಾ?
(ಕಾನೂನು ವಿದ್ಯಾರ್ಥಿ, ಬೆಳಗಾವಿ)

ಉತ್ತರ: ಬರೆದವರಿಗಿಂತ ಜಾಸ್ತಿ ಅವರೇ ಹೋದರು. ಮೇಲೆ ಹೇಳಿದ ಪ್ರಕಾಶಕ ಜಾನ್ಸನ್ ಒಂದು ಸಣ್ಣ ಪುಸ್ತಿಕೆ ಮಾರಿದ ತಪ್ಪಿಗೆ 1799ರಲ್ಲಿ ಆರು ತಿಂಗಳ ಶಿಕ್ಷೆ ಅನುಭವಿಸಿದ. ಅದಕ್ಕೂ ಮೊದಲು 1792ರ ಜನವರಿಯಲ್ಲಿ ಥಾಮಸ್ ಹಾರ್ಡಿ ಎಂಬ ಚಪ್ಪಲಿ ಹೊಲಿಯುವವನು ಲಂಡನ್ನಿನಲ್ಲಿ ಎಲ್ಲರಿಗೂ ಮತದ ಹಕ್ಕು ಕೇಳುವ ಸಂಘ ಕಟ್ಟಿದ್ದ. ವಾರಕ್ಕೆ ಒಂದು ಪೆನ್ನಿ ವಂತಿಗೆ, ಯಾರು ಬೇಕಾದರೂ ಸದಸ್ಯರಾಗಬಹುದು. ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದು ಆತ್ಮಕಥೆ ಬರೆದ ಆಫ್ರಿಕಾದ ಒಲಾಡಾ ಇಕ್ವಿಯಾನೊ ಹಾರ್ಡಿಯ ಮನೆಯಲ್ಲೇ ಕೆಲಕಾಲ ಇದ್ದ. ಹರಳಯ್ಯನ ಕಥೆ ಕೇಳಿ ಬೆಳೆದ ನಮಗೆ ಈ ಹಾರ್ಡಿ ಪರಕೀಯ ಅನ್ನಿಸುವುದಿಲ್ಲ. 1794ರಲ್ಲಿ ಅವನ ಮೇಲೆ ರಾಜದ್ರೋಹದ ಕೇಸು, ಸಾಬೀತಾದರೆ ಘೋರ ಮರಣದಂಡನೆ. ಅವನು ಜೈಲಿನಲ್ಲಿದ್ದಾಗ ಪುಂಡರ ಗುಂಪು ಮನೆಗೆ ನುಗ್ಗಿತು. ಬಸುರಿ ಹೆಂಡತಿ ಹಿಂಬದಿಯ ಕಿಟಕಿಯಿಂದ ತಪ್ಪಿಸಿಕೊಳ್ಳುವಾಗ ಪೆಟ್ಟು ತಿಂದಳು, ಆಗಸ್ಟ್‌ನಲ್ಲಿ ಹೆರಿಗೆಯಾಗಿ ತೀರಿಕೊಂಡಳು. ನವೆಂಬರ್ 5ರಂದು ಜ್ಯೂರಿ ನಿರ್ದೋಷಿ ಎಂದಿತು. ಜನ ಕುದುರೆ ಬಿಚ್ಚಿ ತಾವೇ ಅವನ ಗಾಡಿ ಎಳೆದರು. ಹಾರ್ಡಿ ಮೆರವಣಿಗೆಯ ನಡುವೆ ಇಳಿದು ಹೆಂಡತಿಯ ಸಮಾಧಿಗೆ ಹೋಗಿ ಬಂದ.

ವಿಲಿಯಂ ಹೋನ್‌ನ ಕೇಸು ಕಾನೂನು ಓದುವ ನೀವು ಬಿಡಬಾರದು. ಪ್ರಾರ್ಥನೆಯ ಧಾಟಿಯಲ್ಲಿ ಮಂತ್ರಿಗಳನ್ನು ಅಣಕಿಸಿ ಬರೆದದ್ದಕ್ಕೆ 1817ರ ಡಿಸೆಂಬರ್ 18, 19, 20, ಸಾಲಾಗಿ ಮೂರು ದಿನ ಮೂರು ವಿಚಾರಣೆ. ಬಡವ, ವಕೀಲನನ್ನು ಇಟ್ಟುಕೊಳ್ಳದೆ ತಾನೇ ವಾದಿಸಿದ. ಇಂಥ ಅಣಕ ಹಿಂದಿನಿಂದಲೂ ಇದೆ, ಸರ್ಕಾರದ ಕಡೆಯವರೇ ಬರೆದದ್ದೂ ಇದೆ ಎಂದು ಹಳೇ ಪುಸ್ತಕಗಳ ರಾಶಿ ತಂದು ಒಂದೊಂದನ್ನೇ ಓದಿದ. ಕೋರ್ಟು ನಕ್ಕಿತು. ಮೂರಕ್ಕೆ ಮೂರರಲ್ಲೂ ಬಿಡುಗಡೆ.

ರಿಚರ್ಡ್ ಕಾರ್ಲೈಲ್ 1819ರಿಂದ 1825ರವರೆಗೆ ಜೈಲಿನಲ್ಲಿದ್ದ, ಪೇನ್‌ನ ಧರ್ಮ ವಿಮರ್ಶೆಯ ಪುಸ್ತಕ ಅಚ್ಚು ಹಾಕಿದ್ದಕ್ಕೆ. ವಿಚಾರಣೆಯಲ್ಲಿ ಆತ ಅದೇ ಪುಸ್ತಕವನ್ನು ಕೋರ್ಟಿನಲ್ಲಿ ಗಟ್ಟಿಯಾಗಿ ಓದಿದ. ಯಾಕೆ ಗೊತ್ತಾ? ಓದಿದ್ದು ಕೋರ್ಟಿನ ವರದಿಯ ಭಾಗವಾಗುತ್ತದೆ, ವರದಿಯನ್ನು ಅಚ್ಚು ಹಾಕಬಹುದು. ಅವನ ನಂತರ ಹೆಂಡತಿ ಅಂಗಡಿ ನಡೆಸಿ ಜೈಲಿಗೆ ಹೋದಳು, ತಂಗಿ ಹೋದಳು, ಒಬ್ಬರ ಹಿಂದೆ ಒಬ್ಬರು ಕೆಲಸದವರು ಬಂದು ನಿಂತು ಹೋದರು. ಕೊನೆಗೆ ಅವರು ಅಂಗಡಿಯಲ್ಲಿ ಗಡಿಯಾರದ ಮುಖದಂಥ ಒಂದು ಬಿಲ್ಲೆ ಕೂರಿಸಿದರು. ಸುತ್ತಲೂ ಪುಸ್ತಕಗಳ ಹೆಸರು. ಗಿರಾಕಿ ಮುಳ್ಳನ್ನು ತನಗೆ ಬೇಕಾದ ಹೆಸರಿಗೆ ತಿರುಗಿಸಿ ದುಡ್ಡು ಹಾಕಿದರೆ, ಗೋಡೆಯ ಆಚೆಯಿಂದ ಪುಸ್ತಕ ಜಾರಿ ಬರುತ್ತಿತ್ತು. ಮಾರಿದವನ ಮುಖ ಕಾಣದು, ಸಾಕ್ಷಿ ಹೇಳುವವನು ಯಾರನ್ನು ತೋರಿಸಿಯಾನು!

ಪ್ರಶ್ನೆ: ಶೆಲ್ಲಿಗೂ ಗಾಂಧೀಜಿಗೂ ಏನು ನಂಟು?
(ನಿವೃತ್ತ ಶಿಕ್ಷಕರು, ಗೋಕಾಕ)

ಉತ್ತರ: 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರ್‌ನ ಮೈದಾನದಲ್ಲಿ ಸುಮಾರು 60,000 ಜನ, ಹೆಂಗಸರು ಮಕ್ಕಳು ಸೇರಿ, ಮತದ ಹಕ್ಕು ಕೇಳಲು ಶಾಂತವಾಗಿ ಕೂಡಿದ್ದರು. ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಕನಿಷ್ಠ 15 ಜನ ಸತ್ತರು, ನೂರಾರು ಜನ ಗಾಯಗೊಂಡರು. ಪೀಟರ್‌ಲೂ ಹತ್ಯಾಕಾಂಡ ಎಂದು ಹೆಸರಾಯಿತು. ಇಟಲಿಯಲ್ಲಿದ್ದ ಕವಿ ಶೆಲ್ಲಿಗೆ, ಅಂದರೆ ಮೇರಿ ಶೆಲ್ಲಿಯ ಗಂಡನಿಗೆ, ಸುದ್ದಿ ಮುಟ್ಟಿದ್ದು ಸೆಪ್ಟೆಂಬರಿನಲ್ಲಿ. ಅದೇ ಬಿಸಿಯಲ್ಲಿ 'ಮಾಸ್ಕ್ ಆಫ್ ಅನಾರ್ಕಿ' ಬರೆದ. ಅವರು ಕಡಿದರೆ ಕಡಿಯಲಿ, ನೀವು ಕೈಕಟ್ಟಿ ಕದಲದೆ ನಿಲ್ಲಿ, ಅವರಿಗೇ ನಾಚಿಕೆಯಾಗುವ ತನಕ ಕಣ್ಣಿಟ್ಟು ನೋಡಿ ಎನ್ನುತ್ತಾನೆ. ಗಾಂಧೀಜಿ ಈ ಸಾಲುಗಳನ್ನು ಸಭೆಯಲ್ಲಿ ಓದಿ ಹೇಳಿದ್ದುಂಟು. ಕವಿತೆಯನ್ನು ಲಂಡನ್ನಿನ ಗೆಳೆಯ ಲೀ ಹಂಟ್‌ಗೆ ಕಳಿಸಿದ. ಹಂಟ್ ಆಗಲೇ ರಾಜಕುಮಾರನನ್ನು ಟೀಕಿಸಿ ಎರಡು ವರ್ಷ ಜೈಲು ಕಂಡವನು, ಅಚ್ಚು ಹಾಕಲಿಲ್ಲ. ಅದು ಬೆಳಕಿಗೆ ಬಂದದ್ದು 1832ರಲ್ಲಿ. ಶೆಲ್ಲಿ 1822ರಲ್ಲೇ ಸಮುದ್ರದಲ್ಲಿ ಮುಳುಗಿ ಹೋಗಿದ್ದ, ಮೂವತ್ತು ತುಂಬಿರಲಿಲ್ಲ.

ಪ್ರಶ್ನೆ: ವರ್ಡ್ಸ್‌ವರ್ತ್, ಸದಿ ಇವರೆಲ್ಲ ಆಮೇಲೆ ಸರ್ಕಾರದ ಕಡೆ ಹೋದರಲ್ಲ, ಅದಕ್ಕೇನಂತೀರಿ?
(ಸಿಂದಗಿ)

ಉತ್ತರ: ಬೇಜಾರಾಗುತ್ತದೆ. ಫ್ರಾನ್ಸಿನಲ್ಲಿ ಕತ್ತಿಗೆ ಬಿದ್ದ ತಲೆಗಳು, ಆಮೇಲೆ ನೆಪೋಲಿಯನ್, ಇವನ್ನು ಕಂಡು ದಿಗಿಲಾದದ್ದು ನನಗೆ ಅರ್ಥವಾಗುತ್ತದೆ. ಸರ್ಕಾರವನ್ನು ಟೀಕಿಸುವ ಪತ್ರಿಕೆಯವರನ್ನು ಮಟ್ಟ ಹಾಕಿ ಎಂದು ಬರೆಯುವ ಮಟ್ಟಕ್ಕೆ ಕವಿ ಸದಿ ಹೋದದ್ದು ಅರ್ಥವಾಗುವುದಿಲ್ಲ. 1813ರಲ್ಲಿ ಆತ ಆಸ್ಥಾನಕವಿಯಾದ. 1817ರಲ್ಲಿ ಯಾರೋ ಅವನು ಇಪ್ಪತ್ತರ ಹರೆಯದಲ್ಲಿ ಬರೆದು ಮರೆತಿದ್ದ 'ವಾಟ್ ಟೈಲರ್' ಎಂಬ ರೈತ ದಂಗೆಯ ನಾಟಕವನ್ನು ಅವನನ್ನು ಕೇಳದೆ ಅಚ್ಚು ಹಾಕಿದರು. ತಡೆಯಾಜ್ಞೆ ಕೇಳಿ ಕೋರ್ಟಿಗೆ ಹೋದರೆ, ದಂಗೆಗೆ ಪ್ರಚೋದನೆ ಕೊಡುವಂಥ ಪುಸ್ತಕಕ್ಕೆ ಹಕ್ಕುಸ್ವಾಮ್ಯದ ರಕ್ಷಣೆ ಸಿಗದು ಎಂದರು. ನಾಟಕ ಸಾವಿರಗಟ್ಟಲೆ ಮಾರಾಟವಾಯಿತು. ಮನಸ್ಸು ಬದಲಿಸದೆ ಕೊನೆತನಕ ನಿಂತವರಲ್ಲಿ ನನಗೆ ಬಹಳ ಹಿಡಿಸುವವನು ಪ್ರಬಂಧಕಾರ ಹ್ಯಾಜ್ಲಿಟ್.

ಪ್ರಶ್ನೆ: ನಮ್ಮ ಕಿತ್ತೂರಿನ ಹೋರಾಟವೂ ಅದೇ ಕಾಲದ್ದು. ಸ್ವಾತಂತ್ರ್ಯದ ಬಗ್ಗೆ ಇಷ್ಟೆಲ್ಲ ಬರೆದವರು ಕಂಪನಿ ಸರ್ಕಾರದ ಬಗ್ಗೆ ಏನು ಬರೆದರು?
(ಚನ್ನಮ್ಮನ ಕಿತ್ತೂರು)

ಉತ್ತರ: ಈ ಪತ್ರಗಳಲ್ಲೇ ಅತಿ ಕಷ್ಟದ ಪ್ರಶ್ನೆ ಇದು. ಬೈರನ್ ಗ್ರೀಕರ ಸ್ವಾತಂತ್ರ್ಯಕ್ಕೆಂದು ಹೋಗಿ 1824ರ ಏಪ್ರಿಲ್ 19ರಂದು ಜ್ವರದಿಂದ ಸತ್ತ. ಅದೇ ವರ್ಷ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಬಾಗಿಲಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದ. ಒಂದು ಕಡೆ ಹೋರಾಡಿದವರಿಗೆ ಇಂಗ್ಲೆಂಡಿನಲ್ಲಿ ಹಾಡು, ಇನ್ನೊಂದು ಕಡೆಯವರಿಗೆ ದಂಗೆಕೋರರು ಎಂಬ ಹೆಸರು.

ಪೇನ್ ಮಾತ್ರ ಮೊದಲೇ ಬರೆದಿದ್ದ. 1775ರಲ್ಲಿ, ರಾಬರ್ಟ್ ಕ್ಲೈವ್ ಸತ್ತ ಬೆನ್ನಲ್ಲೇ, ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಭಾರತದ ಲೂಟಿ, ಹಸಿವು, ಸಾವುಗಳನ್ನು ಅವನ ತಲೆಗೆ ಕಟ್ಟಿ ಕಟುವಾಗಿ ಬರೆದ. ಆಮೇಲೆ ಕಂಪನಿಯ ಅನ್ಯಾಯವನ್ನು ವರ್ಷಗಟ್ಟಲೆ ಬಯಲಿಗೆಳೆದವನು ಯಾರು ಗೊತ್ತಾ? ಇವರೆಲ್ಲರ ಎದುರಾಳಿ ಬರ್ಕ್! ವಾರನ್ ಹೇಸ್ಟಿಂಗ್ಸ್ ವಿರುದ್ಧ 1788ರಿಂದ 1795ರವರೆಗೆ ಪಾರ್ಲಿಮೆಂಟಿನ ವಿಚಾರಣೆ ನಡೆಸಿದ, ಗೆಲ್ಲಲಿಲ್ಲ. ಇನ್ನೊಂದು ಕಡೆ, ಶೆಲ್ಲಿಯ ಆಪ್ತ ಗೆಳೆಯ ಪೀಕಾಕ್ 1819ರಿಂದ ಲಂಡನ್ನಿನ ಕಂಪನಿ ಕಚೇರಿಯ ನೌಕರ. ಕೋಲ್‌ರಿಜ್‌ನ ಗೆಳೆಯ ಚಾರ್ಲ್ಸ್ ಲ್ಯಾಂಬ್ ಮೂವತ್ತಮೂರು ವರ್ಷ ಅಲ್ಲೇ ಗುಮಾಸ್ತ. ನಮ್ಮ ಕಂದಾಯದ ದುಡ್ಡು ಆ ಮನೆಗಳ ಅನ್ನವೂ ಆಗಿತ್ತು. ಮನುಷ್ಯನ ಹಕ್ಕು ಎಂದು ಬರೆದವರಲ್ಲಿ ಬಹಳ ಜನಕ್ಕೆ ಕಿತ್ತೂರಿನ ಮನುಷ್ಯ ಕಾಣಲಿಲ್ಲ. ನಾನು ಇವರನ್ನು ಪ್ರೀತಿಯಿಂದ ಓದುತ್ತೇನೆ, ಈ ಮಾತನ್ನೂ ಮರೆಯುವುದಿಲ್ಲ.

ಪ್ರಶ್ನೆ: ಇವರ ಪುಸ್ತಕ ನಮ್ಮ ಕಡೆ ಯಾರಾದರೂ ಓದಿದ್ದರಾ?
(ನಿಪ್ಪಾಣಿ)

ಉತ್ತರ: ಜ್ಯೋತಿಬಾ ಫುಲೆ ಓದಿದ್ದರು. ಇಪ್ಪತ್ತರ ಹರೆಯದಲ್ಲಿ, 1847ರ ಸುಮಾರಿಗೆ, ಪೇನ್‌ನ 'ರೈಟ್ಸ್ ಆಫ್ ಮ್ಯಾನ್' ಅವರ ಕೈ ಸೇರಿತು. ಮುಂದೆ ಸಾವಿತ್ರಿಬಾಯಿ ಜೊತೆ ಹುಡುಗಿಯರ ಶಾಲೆ ತೆರೆದರು, 1873ರಲ್ಲಿ 'ಗುಲಾಮಗಿರಿ' ಬರೆದರು, ಸತ್ಯಶೋಧಕ ಸಮಾಜ ಕಟ್ಟಿದರು. ಇಂಗ್ಲೆಂಡಿನಲ್ಲಿ ಮಿಠಾಯಿ ಕಟ್ಟುವ ಹಾಳೆಯಾದರೂ ಅಪಾಯ ಎಂದು ಸರ್ಕಾರ ಅಂಜಿದ್ದ ಪುಸ್ತಕ ಪುಣೆಗೆ ಬಂದು ಮಾಡಿದ ಕೆಲಸ ನೋಡಿ.

ಪ್ರಶ್ನೆ: ಓದೋಕೆ ಎಲ್ಲಿಂದ ಶುರು ಮಾಡಲಿ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ.
(ಅಥಣಿ)

ಉತ್ತರ: ವಿಲಿಯಂ ಬ್ಲೇಕ್‌ನ 'ಲಂಡನ್' ಎಂಬ ಕವಿತೆಯಿಂದ. 16 ಸಾಲು, ಪದಗಳೂ ಸುಲಭ, ನಾಲ್ಕು ಸಲ ಗಟ್ಟಿಯಾಗಿ ಓದಿ. ಆಮೇಲೆ ಅವನ ಚಿಮಣಿ ಗುಡಿಸುವ ಹುಡುಗರ ಎರಡು ಕವಿತೆ. ಬ್ಲೇಕ್ ತಾಮ್ರದ ತಗಡಿನ ಮೇಲೆ ಅಕ್ಷರಗಳನ್ನು ತಿರುಗುಮುರುಗಾಗಿ ಬರೆದು, ಆಸಿಡ್‌ನಲ್ಲಿ ಕೊರೆಸಿ, ಹೆಂಡತಿ ಕ್ಯಾಥರೀನ್ ಜೊತೆ ಒಂದೊಂದೇ ಹಾಳೆ ಒತ್ತಿ ಬಣ್ಣ ಹಚ್ಚುತ್ತಿದ್ದ, ಹಾಗಾಗಿ ಸಾಧ್ಯವಾದರೆ ಚಿತ್ರ ಇರುವ ಆವೃತ್ತಿ ನೋಡಿ. ಅದಾದ ಮೇಲೆ ವುಲ್‌ಸ್ಟನ್‌ಕ್ರಾಫ್ಟ್ ಸ್ವೀಡನ್, ನಾರ್ವೆ ಸುತ್ತಿ ಬರೆದ ಪತ್ರಗಳ ಪುಸ್ತಕ ಹಿಡಿಯಿರಿ, ಪುಟ್ಟ ಮಗುವನ್ನು ಕಟ್ಟಿಕೊಂಡು ಹೊರಟ ತಾಯಿಯ ಪ್ರವಾಸಕಥನ ಅದು. ಪೇನ್ ಮೂರನೆಯದು. ಗಾಡ್ವಿನ್ ಸದ್ಯಕ್ಕೆ ಬೇಡ. ಎಲ್ಲದರ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ. ಅರ್ಥವಾಗದ ಸಾಲು ಇದ್ದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೂತು ಬಿಡಿಸೋಣ.